ಗಾಡಿ ಎಳೀತದೇನ್ರಿ? ಎಚ್‌ಪಿ, ಟಾರ್ಕ್ ಜಗಳದ ಹಿಂದಿನ ಲೆಕ್ಕ

ಕಲಬುರಗಿಯಲ್ಲಿ ಹಳೇ ಕಾರು ನೋಡಲು ಬಂದವರು ಮೈಲೇಜ್ ವಿಚಾರಿಸಿದ ಮೇಲೆ ಕೇಳುವುದು ‘ಗಾಡಿ ಎಳೀತದೇನ್ರಿ?’ ಎಂದು. ಡೀಸೆಲ್ ಪಕ್ಷದವರು ಟಾರ್ಕ್ ಹೇಳುತ್ತಾರೆ, ಪೆಟ್ರೋಲ್ ಪಕ್ಷದವರು ಎಚ್‌ಪಿ (ಹಾರ್ಸ್‌ಪವರ್, ಅಂದರೆ ಕುದುರೆಶಕ್ತಿ). ‘ಟಾರ್ಕ್ ಎಳೆಯುತ್ತದೆ, ಎಚ್‌ಪಿ ಓಡಿಸುತ್ತದೆ’ ಎಂಬ ರಾಜಿ ಸೂತ್ರವೂ ಉಂಟು. ಕೇಳಲು ಚೆಂದ, ಲೆಕ್ಕಕ್ಕೆ ನಿಲ್ಲುವುದಿಲ್ಲ.

1780ರ ದಶಕದಲ್ಲಿ ಜೇಮ್ಸ್ ವ್ಯಾಟ್ ಉಗಿ ಎಂಜಿನ್ ಮಾರಲು ಹೊರಟಾಗ ಎಷ್ಟೋ ಗಿರಣಿಗಳನ್ನು ಕುದುರೆಗಳೇ ತಿರುಗಿಸುತ್ತಿದ್ದವು. ಎಷ್ಟು ಕುದುರೆ ಬಿಚ್ಚಬಹುದು ಎಂದು ಹೇಳದೆ ವ್ಯಾಪಾರ ಕುದುರುತ್ತಿರಲಿಲ್ಲ. ನಮ್ಮ ಕುಸುಬಿ ಎಣ್ಣೆ ಗಾಣದ ಎತ್ತಿನ ಹಾಗೆಯೇ ಆ ಕುದುರೆಗಳೂ ಸುತ್ತುತ್ತಿದ್ದವು: 12 ಅಡಿ ತ್ರಿಜ್ಯ, 180 ಪೌಂಡ್ ಎಳೆತ, ಗಂಟೆಗೆ 144 ಸುತ್ತು. ಗುಣಿಸಿದರೆ ನಿಮಿಷಕ್ಕೆ 32,572 ಅಡಿ-ಪೌಂಡ್. ಅದನ್ನು 33,000ಕ್ಕೆ ದುಂಡು ಮಾಡಿದ್ದೇ ಒಂದು ಎಚ್‌ಪಿ.

ಇದೇ ಲೆಕ್ಕವನ್ನು ಈಗಿನ ಮಾನದಲ್ಲಿ ಬರೆದರೆ ಆ ಕುದುರೆಯ ಟಾರ್ಕ್ ಸುಮಾರು 2,900 ನ್ಯೂಟನ್ ಮೀಟರ್! ಸ್ವಿಫ್ಟ್ ಡೀಸೆಲ್‌ನ 190ಕ್ಕೆ ಹೋಲಿಸಿದರೆ 15 ಪಟ್ಟು. ಆದರೆ ವೇಗ ನಿಮಿಷಕ್ಕೆ 2.4 ಸುತ್ತು ಮಾತ್ರ, ಹಾಗಾಗಿ ಕೆಲಸ ಒಂದೇ ಎಚ್‌ಪಿಯದು. ಟಾರ್ಕ್ ಎಂದರೆ ತಿರುಚುವ ಬಲ. ಅದನ್ನು ಎಷ್ಟು ಬೇಗ ತಿರುಗಿಸುತ್ತೀರಿ ಎಂಬುದನ್ನೂ ಸೇರಿಸಿದರೆ ಎಚ್‌ಪಿ. ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು) ಹೇಳದೆ ಟಾರ್ಕ್ ಹೇಳುವುದು ಅರ್ಧ ಮಾತು.

ಮುಂದೆ ಜರ್ಮನ್ನರು ತಮ್ಮದೇ ಕುದುರೆ ಕಟ್ಟಿದರು: 75 ಕಿಲೋ ಭಾರವನ್ನು ಸೆಕೆಂಡಿಗೆ ಒಂದು ಮೀಟರ್ ಎತ್ತಿದರೆ ಒಂದು ಪಿಎಸ್, ಅಂದರೆ 735.5 ವ್ಯಾಟ್. ಬ್ರಿಟಿಷ್ ಎಚ್‌ಪಿ 745.7 ವ್ಯಾಟ್. 100 ಪಿಎಸ್ ಗಾಡಿ 98.6 ಎಚ್‌ಪಿಯದು, ಜಗಳವಾಡುವಷ್ಟು ವ್ಯತ್ಯಾಸವಲ್ಲ. ದೊಡ್ಡ ಮೋಸ ನಡೆದದ್ದು ಅಮೆರಿಕದಲ್ಲಿ. ಅಲ್ಲಿ ಏರ್ ಫಿಲ್ಟರ್, ಸೈಲೆನ್ಸರ್, ಆಲ್ಟರ್ನೇಟರ್ ಹೊರೆ ಇಲ್ಲದೆ ಬರಿ ಎಂಜಿನ್ ಅಳೆದ ಅಂಕಿ ಜಾಹೀರಾತಿಗೆ ಹೋಗುತ್ತಿತ್ತು. 1972ರ ಮಾಡೆಲ್‌ಗಳಿಂದ ಎಲ್ಲ ಜೋಡಿಸಿ ಅಳೆದ ‘ನೆಟ್’ ಅಂಕಿ ಬಂದಾಗ ಅವೇ ಎಂಜಿನ್‌ಗಳು ಕಾಗದದ ಮೇಲೆ ಸೊರಗಿದವು.

ಬ್ರಿಟನ್ನಿನದು ಬೇರೆ ಕಥೆ. 1910ರ ಸುಮಾರಿಗೆ ಬಂದ, ಎಚ್‌ಪಿ ಹೆಸರಿನ ವಾಹನ ತೆರಿಗೆ ಬೋರ್‌ನ (ಸಿಲಿಂಡರಿನ ಒಳಕೊಳವೆಯ) ಅಗಲ, ಸಿಲಿಂಡರ್ ಸಂಖ್ಯೆಗಳನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತಿತ್ತು, ಸ್ಟ್ರೋಕ್ (ಪಿಸ್ಟನ್ ಓಡಾಡುವ ಉದ್ದ) ಕೇಳುತ್ತಿರಲಿಲ್ಲ. ಕಂಪನಿಗಳು ಕಿರಿದಾದ ಬೋರ್, ಉದ್ದನೆಯ ಸ್ಟ್ರೋಕ್ ಇಟ್ಟವು. ಇಂಥ ಎಂಜಿನ್‌ಗಳು ಮೇಲಿನ ಆರ್‌ಪಿಎಂಗೆ ಏರಲು ಒಲ್ಲವು, ಕೆಳಗಿನ ಆರ್‌ಪಿಎಂನಲ್ಲಿ ಗಟ್ಟಿಯಾಗಿ ಎಳೆಯುತ್ತವೆ. 1940ರ ದಶಕದ ಕೊನೆಗೆ ತೆರಿಗೆ ಹೋಯಿತು, ರೂಢಿ ಹೋಗಲಿಲ್ಲ. ಬ್ರಿಟಿಷ್ ಮೂಲದ ನಮ್ಮ ಅಂಬಾಸಿಡರ್‌ನ 1,489 ಸಿಸಿ ಎಂಜಿನ್ನಿಗೆ ಬೋರ್ 73 ಮಿಮೀ, ಸ್ಟ್ರೋಕ್ 88.9 ಮಿಮೀ.

ಭಾರತದಲ್ಲಿ ‘ಟಾರ್ಕ್’ ಶೋರೂಮಿನ ಮಾತಾದದ್ದು ಕಾಮನ್ ರೈಲ್ ಟರ್ಬೊ ಡೀಸೆಲ್‌ಗಳು (ಭಾರೀ ಒತ್ತಡದಲ್ಲಿ ಇಂಧನ ಸಿಂಪಡಿಸಿ, ಟರ್ಬೊದಿಂದ ಗಾಳಿಯನ್ನು ಒತ್ತಿ ತುಂಬುವ ಎಂಜಿನ್‌ಗಳು) ಸಣ್ಣ ಕಾರಿಗೂ ಬಂದ ಮೇಲೆ. 2010ರ ಜೂನ್‌ನಲ್ಲಿ ಪೆಟ್ರೋಲ್ ದರ ಸರ್ಕಾರದ ಹಿಡಿತದಿಂದ ಹೊರಬಿತ್ತು, ಡೀಸೆಲ್‌ದು 2014ರ ಅಕ್ಟೋಬರ್‌ವರೆಗೂ ಬೀಳಲಿಲ್ಲ. ಆ ನಾಲ್ಕು ವರ್ಷ ಡೀಸೆಲ್ಲಿಗೆ ಸುಗ್ಗಿ. ಜನ ಕೊಂಡದ್ದು ಅಗ್ಗದ ಇಂಧನಕ್ಕೆ, ಹೊಗಳಿದ್ದು ಟಾರ್ಕನ್ನು.

ಆಗಿನ ಸ್ವಿಫ್ಟನ್ನೇ ಹಿಡಿಯೋಣ. ಡೀಸೆಲ್: 75 ಪಿಎಸ್, 2,000 ಆರ್‌ಪಿಎಂಗೆ 190 ನ್ಯೂಟನ್ ಮೀಟರ್. 1.2 ಲೀಟರ್ ಪೆಟ್ರೋಲ್: 85 ಪಿಎಸ್, 4,500ಕ್ಕೆ 113. ನ್ಯೂಟನ್ ಮೀಟರನ್ನು ಆರ್‌ಪಿಎಂನಿಂದ ಗುಣಿಸಿ 7,023ರಿಂದ ಭಾಗಿಸಿದರೆ ಆ ಕ್ಷಣದ ಪಿಎಸ್ ಸಿಗುತ್ತದೆ. ಹುಮನಾಬಾದ್ ರಸ್ತೆಯಲ್ಲಿ 60ರ ವೇಗದಲ್ಲಿ, ಶಹಾಬಾದ್ ಪರಸಿ ಕಲ್ಲು ತುಂಬಿದ ಲಾರಿಯ ಹಿಂದೆ ಇದ್ದೀರಿ ಅನ್ನಿ. ಎರಡೂ ಕಾರು 2,000 ಆರ್‌ಪಿಎಂನಲ್ಲಿದ್ದರೆ ಡೀಸೆಲ್ ಕೊಡುವುದು 54 ಪಿಎಸ್. ಪೆಟ್ರೋಲಿಗೆ ಅಲ್ಲಿ 100 ನ್ಯೂಟನ್ ಮೀಟರ್ ಹಿಡಿದರೂ 28ರ ಆಸುಪಾಸು. ‘ಪೆಟ್ರೋಲ್ ಎಳೆಯಂಗಿಲ್ಲ’ ಎಂಬ ಮಾತು ಹುಟ್ಟುವುದು ಇಲ್ಲೇ. ಅದೇ ಪೆಟ್ರೋಲನ್ನು ಗೇರ್ ಇಳಿಸಿ 4,500ಕ್ಕೆ ತಂದರೆ 72 ಪಿಎಸ್. ಅದೇ ವೇಗದಲ್ಲಿ ಚಕ್ರಕ್ಕೆ ಸಿಗುವ ತಳ್ಳು ಎರಡೂವರೆ ಪಟ್ಟು. ಡೀಸೆಲ್ ಕೂಡ ಗೇರ್ ಇಳಿಸಬಹುದು, ಆದರೆ 75 ಪಿಎಸ್‌ಗೆ ಅದರ ದಮ್ಮು ಮುಗಿಯುತ್ತದೆ. ಡೀಸೆಲ್ಲಿನ ಲಾಭ ಗೇರ್ ಬದಲಿಸದ ಆರಾಮ, ಅದು ಸಣ್ಣ ಲಾಭವಲ್ಲ. ಆದರೆ ಐದನೇ ಗೇರಿನಲ್ಲಿ 1,200ಕ್ಕೆ ಇಳಿಸಿ ಪೆಡಲ್ ಒತ್ತಿದರೆ ಟರ್ಬೊ ಎಚ್ಚರಗೊಂಡಿರುವುದಿಲ್ಲ. ಹೊಗೆ ಬರುತ್ತದೆ, ಗಾಡಿ ನಡುಗುತ್ತದೆ, ಕ್ಲಚ್ ಕಡೆಯ ಭಾಗಗಳಿಗೆ ಪೆಟ್ಟು.

ಗೇರಿನ ಮಹಿಮೆ ಪೂರ್ತಿ ಕಾಣುವುದು ಎರೆ ಹೊಲದಲ್ಲಿ. 50 ಎಚ್‌ಪಿ ಟ್ರ್ಯಾಕ್ಟರಿನ ಎಂಜಿನ್ 2,100 ಆರ್‌ಪಿಎಂನಲ್ಲಿ ಕೊಡುವುದು ಹೆಚ್ಚುಕಡಿಮೆ 170 ನ್ಯೂಟನ್ ಮೀಟರ್, ಸ್ವಿಫ್ಟ್ ಡೀಸೆಲ್ಲಿಗಿಂತ ಕಡಿಮೆ! ಆದರೆ ಗಂಟೆಗೆ 5 ಕಿ.ಮೀ. ನಡೆಯಲು ಹಿಂದಿನ ಗಾಲಿ ನಿಮಿಷಕ್ಕೆ 19 ಸುತ್ತು ತಿರುಗಿದರೆ ಸಾಕು. ಗೇರುಗಳು ಸುಮಾರು 110 ಪಟ್ಟು ಇಳಿಸುತ್ತವೆ, ಗಾಲಿಗೆ 18,000 ದಾಟಿದ ಟಾರ್ಕ್. ಕಾರಿನ ಮೊದಲ ಗೇರಿನಲ್ಲಿ 2,500ರ ಆಸುಪಾಸು. ಅಷ್ಟೂ ಬಲ ಮಣ್ಣಿಗೆ ಇಳಿಯುವುದಿಲ್ಲ ಎಂಬುದು ಬೇರೆ ಮಾತು. ಎರಡು ಟನ್ ತೂಕದ ಟ್ರ್ಯಾಕ್ಟರ್ ಹಸಿ ಎರೆಯಲ್ಲಿ ಪಲ್ಟಿ ನೇಗಿಲು ಆಳಕ್ಕೆ ಬಿಟ್ಟರೆ ಗಾಲಿ ಜಾರುತ್ತದೆ. ಅದಕ್ಕೇ ಹಿಂದಿನ ಟೈರಿಗೆ ಮುಕ್ಕಾಲು ಭಾಗ ನೀರು ತುಂಬುವುದು, ಕಬ್ಬಿಣದ ತೂಕ ಕಟ್ಟುವುದು. ಜಾರುವ ಗಾಲಿಗೆ ಇನ್ನಷ್ಟು ಎಚ್‌ಪಿ ಕೊಟ್ಟರೆ ಡೀಸೆಲ್ಲೇ ಸುಡುತ್ತದೆ.

ಕಾರಿಗೆ ಅಂದಕ್ಕೆಂದು ದೊಡ್ಡ ಟೈರ್ ಹಾಕಿಸುವವರು ಇದರ ಉಲ್ಟಾ ಮಾಡುತ್ತಾರೆ. ಹೊರವ್ಯಾಸ 5% ಹೆಚ್ಚಿದರೆ ಎಲ್ಲ ಗೇರಿನಲ್ಲೂ ತಳ್ಳು ಸುಮಾರು 5% ಕಡಿಮೆ, ಸ್ಪೀಡೋಮೀಟರೂ ಕಡಿಮೆ ತೋರಿಸುತ್ತದೆ.

2020ರ ಏಪ್ರಿಲ್‌ನಲ್ಲಿ ಬಿಎಸ್-6 ಹೊಗೆ ನಿಯಮ ಬಂತು, ಮಾರುತಿ ಡೀಸೆಲ್ ನಿಲ್ಲಿಸಿತು. ಸಣ್ಣ ಟರ್ಬೊ ಪೆಟ್ರೋಲ್‌ಗಳು ಆ ಜಾಗ ಹಿಡಿದವು. ಅದೇ ವರ್ಷ ಬಂದ ಟಾಟಾದ ವಿದ್ಯುತ್ ಕಾರು ನೆಕ್ಸಾನ್ ಇವಿಗೆ 129 ಪಿಎಸ್, 245 ನ್ಯೂಟನ್ ಮೀಟರ್, ಗೇರ್ ಒಂದೇ. ಮೋಟಾರಿನ ಟಾರ್ಕ್ ನಿಂತಲ್ಲಿಂದಲೇ ಪೂರ್ತಿ ಸಿಗುತ್ತದೆ. ಲೆಕ್ಕದ ಪ್ರಕಾರ 3,700 ಆರ್‌ಪಿಎಂ ದಾಟಿದ ಮೇಲೆ ಇಳಿಯಲೇಬೇಕು, ಏಕೆಂದರೆ ಪಿಎಸ್‌ನ ಮಿತಿ ಅಲ್ಲಿಗೆ ಮುಟ್ಟಿರುತ್ತದೆ.

ಕೊಳ್ಳುವ ಮುನ್ನ ಓಡಿಸಿ ನೋಡುವವರು ಮೇ ತಿಂಗಳ ಮಧ್ಯಾಹ್ನ ಹೋಗಲಿ. 43 ಡಿಗ್ರಿಯಲ್ಲಿ ಗಾಳಿ 25 ಡಿಗ್ರಿಗಿಂತ ಸುಮಾರು 6% ತೆಳು, ಟರ್ಬೊ ಇಲ್ಲದ ಎಂಜಿನ್ ಹತ್ತಿರಹತ್ತಿರ ಅಷ್ಟೇ ಸೊರಗುತ್ತದೆ; ಎಸಿ ಕಂಪ್ರೆಸರ್ ಮತ್ತಷ್ಟು ತಿನ್ನುತ್ತದೆ. ನಾಲ್ವರನ್ನು ಕೂರಿಸಿ, ಎಸಿ ಹಾಕಿ, 40ರಿಂದ 80ಕ್ಕೆ ಮೊದಲು ನಾಲ್ಕನೇ ಗೇರಿನಲ್ಲಿ, ಆಮೇಲೆ ಮೂರನೆಯದರಲ್ಲಿ ಎಷ್ಟು ಸೆಕೆಂಡ್ ಹಿಡಿಯುತ್ತದೆ ಎಂದು ಪಕ್ಕದವರಿಗೆ ಎಣಿಸಲು ಹೇಳಿ. ಎರಡರ ನಡುವೆ ಭಾರೀ ಅಂತರವಿದ್ದರೆ ಅದು ಗೇರ್ ಬದಲಿಸುತ್ತಲೇ ಓಡಿಸಬೇಕಾದ ಗಾಡಿ.