ಮೈನಸ್ ಹತ್ತರಲ್ಲಿ ಮನೆಪಾಠದ ಮಕ್ಕಳು

ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಮನೆಯಲ್ಲೇ ಓದುವ ಮಕ್ಕಳಿಗೆ ಕಲಿಸಲೇಬೇಕಾದ ವಿಷಯಗಳಲ್ಲಿ ಭಾಷೆ, ಗಣಿತಗಳ ಜೊತೆಗೆ ದೈಹಿಕ ಬೆಳವಣಿಗೆ ಮತ್ತು ಆರೋಗ್ಯವೂ ಸೇರಿದೆ. ವಾರಕ್ಕೆರಡು ದಿನ ಈಜಿಗೆ ಕಳಿಸಿದರೆ ಆ ಬಾಬತ್ತು ಮುಗಿಯಿತು ಅನ್ನಿಸುವುದು ಸಹಜ. ಆದರೆ ಶಾಲೆಗೆ ಹೋಗದ ಮಗುವಿಗೆ ತಪ್ಪುವುದು ಪಿ.ಟಿ. ಪೀರಿಯಡ್ ಒಂದೇ ಅಲ್ಲ. ಬಸ್ ಹಿಡಿಯುವ ಓಟ, ಮೆಟ್ಟಿಲು, ಊಟದ ಬಿಡುವಿನ ಜಟಾಪಟಿ, ಹೀಗೆ ಯಾರೂ ಲೆಕ್ಕ ಇಡದ ಓಡಾಟವೂ ತಪ್ಪುತ್ತದೆ. ಬೇಸಿಗೆಯಲ್ಲಿ ಅಂಗಳ ಅದನ್ನು ತುಂಬಿಕೊಡುತ್ತದೆ. ಶಿಕಾಗೊದ ಜನವರಿಯಲ್ಲಿ ನಾವೇ ತುಂಬಬೇಕು, ಅದೂ ಚೂರುಚೂರಾಗಿ.

ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯಂತೆ 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಉಸಿರು ಏರುವಂಥ ಚಟುವಟಿಕೆ ಬೇಕು. ವಾರದಲ್ಲಿ ಕನಿಷ್ಠ 3 ದಿನ ಸ್ನಾಯು ಮತ್ತು ಮೂಳೆಗಳಿಗೆ ಬಲ ಕೊಡುವ ಕೆಲಸವೂ ಇರಬೇಕು. ಒಂದೇ ಪಟ್ಟಿನಲ್ಲಿ 60 ನಿಮಿಷ ಆಗಬೇಕೆಂದೇನಿಲ್ಲ. ಪ್ರತಿ ಪಾಠಕ್ಕೆ ಮೊದಲು 10 ನಿಮಿಷದಂತೆ ನಾಲ್ಕು ಸಲ, ಮಧ್ಯಾಹ್ನ ಹೊರಗೆ 20 ನಿಮಿಷ ಆದರೆ ಲೆಕ್ಕ ಸರಿಹೋಯಿತು. ಅಳೆಯಲು ಗಡಿಯಾರ ಬೇಡ: ಮಗು ಮಾತಾಡಬಲ್ಲದು, ಹಾಡಲಾರದು ಎಂದರೆ ಮಧ್ಯಮ ಶ್ರಮ, ನಾಲ್ಕು ಪದಕ್ಕೊಮ್ಮೆ ಉಸಿರೆಳೆದುಕೊಂಡರೆ ತೀವ್ರ ಶ್ರಮ. ನಿಧಾನವಾಗಿ ಮಾಡುವ ಸೂರ್ಯನಮಸ್ಕಾರದಲ್ಲಿ ಮೈ ಸಡಿಲವಾಗುತ್ತದೆ, ತೋಳಿಗೂ ಕೆಲಸ ಸಿಗುತ್ತದೆ. ಆದರೆ ಮಗು ಆರಾಮವಾಗಿ ಹಾಡುತ್ತಲೇ ಮಾಡುತ್ತಿದ್ದರೆ ಅದನ್ನು ಈ 60ರಲ್ಲಿ ಸೇರಿಸಬೇಡಿ.

ಮನೆಯೊಳಗಿನ ಆಟಗಳಲ್ಲಿ ಕುಂಟೆಬಿಲ್ಲೆಗೆ ಸಾಟಿ ಕಡಿಮೆ. ಮೂಳೆ ಬಲಿಯುವುದು ಸಣ್ಣ, ಚುರುಕಾದ ಹೊಡೆತಗಳಿಗೆ; ಈಜಿನಲ್ಲಿ ಅಂಥ ಹೊಡೆತವೇ ಇಲ್ಲ. ಓರೆಗಾನ್‌ನಲ್ಲಿ ನಡೆದು 2001ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಮಕ್ಕಳು 61 ಸೆಂ.ಮೀ. ಎತ್ತರದ ಪೆಟ್ಟಿಗೆಯಿಂದ ದಿನಕ್ಕೆ 100 ಸಲ, ವಾರಕ್ಕೆ 3 ದಿನ, 7 ತಿಂಗಳು ಧುಮುಕಿದರು. ಬರೀ ಮೈ ಹಿಗ್ಗಿಸುವ ವ್ಯಾಯಾಮ ಮಾಡಿದವರಿಗಿಂತ ಇವರ ಸೊಂಟ, ಬೆನ್ನಿನ ಮೂಳೆಗಳಲ್ಲಿ ಖನಿಜಾಂಶ ಹೆಚ್ಚಿತ್ತು. ಮನೆಯಲ್ಲಿ ಅಷ್ಟು ಎತ್ತರ ಬೇಡ, ನೆಲದ ಮೇಲಿನ ಕುಪ್ಪಳಿಕೆಯೇ ಸಾಕು. ಬಣ್ಣ ಬಳಿಯುವವರು ಅಂಟಿಸುವ ನೀಲಿ ಟೇಪಿನಲ್ಲಿ 40 ಸೆಂ.ಮೀ. ಚೌಕದ ಎಂಟು ಮನೆ ಹಾಕಿ. ಕಾರ್ಪೆಟ್ಟಿಗೆ ಟೇಪು ಅಂಟದು. ನೆಲಮಾಳಿಗೆಯ ಕಾಂಕ್ರೀಟಾದರೆ ಸೀಮೆಸುಣ್ಣ ಸಾಕು, ಕಾಲಿಗೆ ಶೂ ಇರಲಿ. ಮರದ ನೆಲದ ಮೇಲೆ ಕಾಲುಚೀಲ ಜಾರುತ್ತದೆ, ಬರಿಗಾಲೇ ಕ್ಷೇಮ. ಹಳೆಯ ಕಾಲುಚೀಲದಲ್ಲಿ 100 ಗ್ರಾಂ ಅಕ್ಕಿ ಗಂಟು ಕಟ್ಟಿದರೆ ಎಸೆದಲ್ಲೇ ಕೂರುವ ಬಿಲ್ಲೆ ಸಿದ್ಧ. ಮಕ್ಕಳು ಯಾವಾಗಲೂ ತಮಗೆ ಒಗ್ಗಿದ ಕಾಲಲ್ಲೇ ಕುಂಟುತ್ತಾರೆ. ಪ್ರತಿ ಆಟಕ್ಕೂ ಕಾಲು ಬದಲಿಸುವುದನ್ನು ನಿಯಮವನ್ನಾಗಿ ಮಾಡಿ.

ಮೇಲಂತಸ್ತಿನ ಅಪಾರ್ಟ್‌ಮೆಂಟಿನಲ್ಲಿ ಇದು ನಡೆಯದು. ಫೋಮ್ ಚಾಪೆ ಚಪ್ಪಲಿಯ ಸದ್ದನ್ನು ತಗ್ಗಿಸಬಹುದು, ಆದರೆ ಧೊಪ್ಪೆನ್ನುವ ಮಂದ್ರ ಸದ್ದು ಮರದ ತೊಲೆಗಳ ಮೂಲಕ ಕೆಳಗಿಳಿದೇ ಇಳಿಯುತ್ತದೆ. ಅಲ್ಲಿ ಕರಡಿ ನಡಿಗೆ, ಏಡಿ ನಡಿಗೆ, ಗೋಡೆಗೊರಗಿ ಕುರ್ಚಿಯಂತೆ ಕೂರುವುದು, ಸಾರ್ವಜನಿಕ ಮೆಟ್ಟಿಲು ಹತ್ತಿಳಿಯುವುದು ಮಾಡಿಸಿ. 40 ಸೆಕೆಂಡ್ ಕೆಲಸ, 20 ಸೆಕೆಂಡ್ ವಿರಾಮ. ಇಂಥ ಐದು ಬಗೆ, ಎರಡು ಸುತ್ತು. 10 ನಿಮಿಷ ಮುಗಿಯಿತು.

ಇನ್ನು ಹೊರಗಿನ ಮಾತು. ಅಪ್ಪ ಅಮ್ಮಂದಿರು ಹೆದರುವುದು ಚಳಿಗೆ. ಮಗುವನ್ನು ನಡುಗಿಸುವುದು ಹೆಚ್ಚಾಗಿ ಬೆವರು. ಸ್ನಾಯು ಬಳಸುವ ಶಕ್ತಿಯಲ್ಲಿ ಮುಕ್ಕಾಲು ಪಾಲು ಶಾಖವಾಗುತ್ತದೆ, ಆದ್ದರಿಂದ ಓಡುವ ಮಗು ಬೇಗ ಬೆವರುತ್ತದೆ. ಹತ್ತಿಯ ಬನಿಯನ್ ಆ ಬೆವರನ್ನು ಹೀರಿ ಹಿಡಿದುಕೊಳ್ಳುತ್ತದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ಚೆನ್ನಾಗಿ ಶಾಖ ಸಾಗಿಸುವುದರಿಂದ ಓಟ ನಿಂತ ಕೂಡಲೇ ಮೈ ತಣ್ಣಗಾಗುತ್ತದೆ. ಮೈಗೆ ತಾಗಿ ಪಾಲಿಯೆಸ್ಟರ್ ಅಥವಾ ತೆಳು ಉಣ್ಣೆ, ಅದರ ಮೇಲೆ ಫ್ಲೀಸ್, ಹೊರಗೆ ಗಾಳಿ ತಡೆಯುವ ಜಾಕೆಟ್ ಇರಲಿ. ಹೊರಬಿದ್ದ ಮೊದಲ ಐದು ನಿಮಿಷ ತುಸು ಚಳಿ ಅನ್ನಿಸಿದರೆ ಉಡುಪು ಸರಿಯಾಗಿದೆ ಎಂದರ್ಥ. ಆಮೇಲೆ ಕತ್ತಿನ ಹಿಂಬದಿ ಮುಟ್ಟಿ ನೋಡಿ: ಒದ್ದೆಯಾಗಿದ್ದರೆ ಜಿಪ್ ಇಳಿಸಿ, ತಣ್ಣಗಿದ್ದರೆ ಇನ್ನೊಂದು ಪದರ ಹಾಕಿ. ಬೂಟಿನೊಳಗೆ ಎರಡು ಜೊತೆ ಕಾಲುಚೀಲ ತುರುಕುವುದು ತಪ್ಪು. ಬಿಗಿಯಾದ ಬೂಟಿನಲ್ಲಿ ಬೆಚ್ಚಗಿಡುವ ಗಾಳಿಗೂ ಜಾಗವಿಲ್ಲ, ರಕ್ತಕ್ಕೂ ದಾರಿಯಿಲ್ಲ.

ಉಷ್ಣಾಂಶಕ್ಕಿಂತ ವಿಂಡ್‌ಚಿಲ್, ಅಂದರೆ ಗಾಳಿಯೂ ಸೇರಿ ಮೈಗೆ ತಟ್ಟುವ ಚಳಿಯ ಅಳತೆ, ನೋಡಿ ಹೊರಡಿ. ಮೈನಸ್ 18 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಂಟೆಗೆ 24 ಕಿ.ಮೀ. ಗಾಳಿ ಬೀಸಿದರೆ ಅದು ಮೈನಸ್ 28ಕ್ಕೆ ಸಮ. ತೆರೆದ ಚರ್ಮ 30 ನಿಮಿಷದಲ್ಲಿ ಹೆಪ್ಪುಗಟ್ಟಬಹುದು. ಅಂಥ ದಿನ ಒಳಗೇ ಇರಿ. ಕೆನ್ನೆ ಕೆಂಪಾದರೆ ಎಚ್ಚರ ಎಂಬ ಸಲಹೆ ನಮ್ಮ ಕಂದು ಚರ್ಮಕ್ಕೆ ಸಾಲದು, ಅಲ್ಲಿ ಕೆಂಪು ಕಾಣುವುದೇ ಕಷ್ಟ. ಬೂದು ಅಥವಾ ಬಿಳಿಚಿದ ಬಣ್ಣ, ಮೇಣದಂಥ ಹೊಳಪು, ಜೋಮು ಕಂಡರೆ ಒಳಗೆ ಕರೆತನ್ನಿ. ಉಜ್ಜಬೇಡಿ, ಹೀಟರಿಗೆ ಹಿಡಿಯಬೇಡಿ, ಉಗುರುಬೆಚ್ಚಗಿನ ನೀರಲ್ಲಿಡಿ. ಜೋಮು ಬಿಡದಿದ್ದರೆ ವೈದ್ಯರಿಗೆ ತೋರಿಸಿ.

ಡಿ ಜೀವಸತ್ವಕ್ಕಾಗಿ ಈ ಪಾಡು ಪಡಬೇಕಿಲ್ಲ. ಶಿಕಾಗೊದಷ್ಟು ಉತ್ತರದಲ್ಲಿ ನವೆಂಬರ್‌ನಿಂದ ಫೆಬ್ರವರಿಯವರೆಗೆ ಬಿಸಿಲಿನಿಂದ ಅದು ಹೆಚ್ಚುಕಡಿಮೆ ಸಿಗುವುದೇ ಇಲ್ಲ, ಹಾಲಿನಿಂದಲೋ ಹನಿಮದ್ದಿನಿಂದಲೋ ಬರಬೇಕು. ಹೊರಗಿನ ಬೆಳಕಿನ ಲಾಭ ಕಣ್ಣಿಗೆ: ಚೀನಾದ ಗ್ವಾಂಗ್‌ಝೌನಲ್ಲಿ ಶಾಲಾಮಕ್ಕಳಿಗೆ ದಿನಕ್ಕೆ 40 ನಿಮಿಷ ಹೆಚ್ಚು ಹೊರಾಂಗಣ ಸಮಯ ಕೊಟ್ಟಾಗ, ಮೂರು ವರ್ಷದಲ್ಲಿ ಹೊಸದಾಗಿ ಸಮೀಪದೃಷ್ಟಿ ಬಂದವರ ಪ್ರಮಾಣ 39.5ರ ಬದಲು 30.4 ಶೇಕಡಾ ಆಯಿತು.

ಓಡಿ ನಿಂತ ಐದು ಹತ್ತು ನಿಮಿಷದಲ್ಲಿ ಮಗು ಒಣಕೆಮ್ಮು ಕೆಮ್ಮಿದರೆ ಶೀತ ಎಂದು ತಳ್ಳಿಹಾಕಬೇಡಿ. ಒಣ ತಣ್ಣನೆ ಗಾಳಿ ಶ್ವಾಸನಾಳದ ತೇವ ಹೀರಿ ಅದನ್ನು ಬಿಗಿಸಿರಬಹುದು. ಒಳಗೇ 10 ನಿಮಿಷ ಮೈ ಬಿಸಿ ಮಾಡಿಕೊಂಡು, ಬಾಯಿ ಮೂಗಿಗೆ ಮಫ್ಲರ್ ಸುತ್ತಿ ಕಳಿಸಿ. ಆದರೂ ಪ್ರತಿ ಸಲ ಕೆಮ್ಮು ಬಂದರೆ ಅಸ್ತಮಾ ತಪಾಸಣೆ ಮಾಡಿಸುವುದು ಒಳ್ಳೆಯದು.