ಹೊಸ ಲೋವರ್ ಆರ್ಮ್ ಆರೇ ತಿಂಗಳಿಗೆ ಹೋಯ್ತು: ಮಾಲು ಕೆಟ್ಟದ್ದಾ, ಬಿಗಿದದ್ದು ಕೆಟ್ಟದ್ದಾ?

ಪ್ರಶ್ನೆ: ಮುಂದಿನ ಎರಡೂ ಲೋವರ್ ಆರ್ಮ್ (ಚಕ್ರವನ್ನು ಗಾಡಿಯ ಅಡಿಗೆ ಸೇರಿಸುವ ತೋಳು) ಹೊಸದು ಹಾಕಿಸಿದೆ. ಕಾರ್ ಕಂಪನಿಯದ್ದಲ್ಲ, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕೊಂಡ ಹೊರಗಿನ ಮಾಲು. ಆರು ತಿಂಗಳಿಗೇ ಬುಷ್ (ಆರ್ಮ್ ಗಾಡಿಗೆ ಸೇರುವಲ್ಲಿನ ರಬ್ಬರ್) ಹರಿದು, ಹಂಪ್ ಹತ್ತಿದಾಗಲೆಲ್ಲ ಕಟಕ್ ಅನ್ನುತ್ತಿದೆ. ಒರಿಜಿನಲ್ಲೇ ಹಾಕಿಸಬೇಕಿತ್ತಾ?

ಉತ್ತರ: ಹಾಕಿಸಬಹುದಿತ್ತು. ಇದನ್ನು ಬಿಗಿದ ಹಾಗೇ ಅದನ್ನೂ ಬಿಗಿದಿದ್ದರೆ ಅದೂ ಹೀಗೇ ಹರಿಯುತ್ತಿತ್ತು.

ಈ ಪ್ರಶ್ನೆ ಬಂದಾಗಲೆಲ್ಲ ತಿರುಗಿ ಕೇಳುವುದು ಒಂದೇ: ಬುಷ್‌ನ ಬೋಲ್ಟ್ ಕೊನೆಯ ಸಲ ಬಿಗಿದಾಗ ಚಕ್ರ ಎಲ್ಲಿತ್ತು? ಬರುವ ಉತ್ತರವೂ ಒಂದೇ: ‘ಗಾಡಿ ಲಿಫ್ಟ್ ಮೇಲಿತ್ತು, ಚಕ್ರ ಬಿಚ್ಚಿತ್ತು.’ ಅಂದರೆ ಆರ್ಮ್ ಕೆಳಕ್ಕೆ ಜೋತು ಬಿದ್ದಿತ್ತು. ಬುಷ್ ಹರಿಯಲು ಅಷ್ಟು ಸಾಕು.

‘ಬೋಲ್ಟ್ ಎಲ್ಲಿ ಬಿಗಿದರೂ ಬೋಲ್ಟೇ, ಬುಷ್ ಒಳಗೆ ತಿರುಗುತ್ತೆ ಬಿಡಿ’ ಎಂಬ ನಂಬಿಕೆ ಎಷ್ಟು ಹೇಳಿದರೂ ಹೋಗುವುದಿಲ್ಲ. ತಿರುಗುವುದಿಲ್ಲ ಸ್ವಾಮಿ. ರಬ್ಬರ್ ಬುಷ್ ಬೇರಿಂಗ್ ಅಲ್ಲ. ಅದರ ಒಳಗಿನ ಉಕ್ಕಿನ ಕೊಳವೆ ರಬ್ಬರಿಗಿಂತ ತುಸು ಉದ್ದ. ಬೋಲ್ಟ್ ಬಿಗಿದಾಗ ಬ್ರಾಕೆಟ್‌ನ ಎರಡು ಕಿವಿಗಳ ನಡುವೆ ಆ ಕೊಳವೆ ಕಚ್ಚಿ ಕೂರುತ್ತದೆ. ಕಚ್ಚಲೆಂದೇ ಅದರ ತುದಿಗೆ ಎಷ್ಟೋ ಸಲ ಹಲ್ಲು ಕೊರೆದಿರುತ್ತಾರೆ. ಹೊರಗಿನ ಕೊಳವೆ ಆರ್ಮ್‌ಗೆ ಪ್ರೆಸ್ ಆಗಿರುತ್ತದೆ. ನಡುವಿನ ರಬ್ಬರ್ ಒಳಗಿನ ಕೊಳವೆಗೆ ಕಾಯಿಸಿ ಅಂಟಿಸಿದ್ದು. ಆರ್ಮ್ ಮೇಲೆ ಕೆಳಗೆ ಆಡುವುದೆಲ್ಲ ಆ ರಬ್ಬರ್ ತಿರುಚಿಕೊಳ್ಳುವುದರಿಂದಲೇ, ಜಾರುವುದರಿಂದಲ್ಲ.

ಲೆಕ್ಕ ನೋಡಿ. ಬುಷ್‌ನಿಂದ ಬಾಲ್ ಜಾಯಿಂಟ್‌ಗೆ (ಆರ್ಮ್‌ನ ಚಕ್ರದ ಕಡೆಯ ಕೀಲು) 350 ಮಿ.ಮೀ. ಇರುವ ಆರ್ಮ್ ಅಂದುಕೊಳ್ಳಿ. ಗಾಡಿ ಎತ್ತಿದಾಗ ಚಕ್ರ 90 ಮಿ.ಮೀ. ಇಳಿಯಿತು. ಅಲ್ಲಿಗೆ ಆರ್ಮ್ ಸುಮಾರು 15 ಡಿಗ್ರಿ ಬಾಗಿತು. ಅಲ್ಲೇ ಬಿಗಿದು ಗಾಡಿ ಇಳಿಸಿದರೆ, ಮನೆ ಮುಂದೆ ಸುಮ್ಮನೆ ನಿಂತಿರುವಾಗಲೂ ರಬ್ಬರ್ 15 ಡಿಗ್ರಿ ಹಿಂಡಿಕೊಂಡೇ ಇರುತ್ತದೆ, ಹಿಂಡಿ ಬಿಡಲು ಮರೆತ ಬಟ್ಟೆಯ ಹಾಗೆ. ಹಂಪ್‌ನಲ್ಲಿ ಚಕ್ರ ಇನ್ನೊಂದು 70 ಮಿ.ಮೀ. ಮೇಲೆದ್ದರೆ ತಿರುಚು 26–27 ಡಿಗ್ರಿಗೆ ಹೋಗುತ್ತದೆ. ಸರಿಯಾಗಿ ಬಿಗಿದಿದ್ದರೆ ಅದೇ ಹಂಪ್‌ಗೆ 11–12 ಡಿಗ್ರಿ ಅಷ್ಟೇ.

ಹರಿದ ಆರ್ಮ್ ಎಸೆಯಬೇಡಿ, ಬೆಳಕಿಗೆ ಹಿಡಿದು ನೋಡಿ. ರಬ್ಬರೇ ಒರಟೊರಟಾಗಿ ಸೀಳಿ, ಲೋಹದ ಮೇಲೆ ಇನ್ನೂ ರಬ್ಬರ್ ಪದರ ಉಳಿದಿದ್ದರೆ, ಅದೂ ಎಡಬಲ ಎರಡರಲ್ಲೂ ಒಂದೇ ಥರ ಇದ್ದರೆ, ಬಿಗಿದ ಕೈಯನ್ನೇ ಅನುಮಾನಿಸಿ. ರಬ್ಬರ್ ಪೂರ್ತಿ ಕಿತ್ತು ಬಂದು ಕೊಳವೆ ನುಣ್ಣಗೆ ಹೊಳೆಯುತ್ತಿದ್ದರೆ ಅಂಟು ಹಿಡಿದಿಲ್ಲ. ಆಗ ಮಾತ್ರ ಮಾಲಿನವರನ್ನು ಬೈಯಿರಿ.

ಸರಿಯಾದ ಕ್ರಮ ಹೀಗಿದೆ. ಬಿಚ್ಚುವ ಮೊದಲೇ, ಗಾಡಿ ನೆಲದ ಮೇಲಿರುವಾಗ, ಚಕ್ರದ ನಟ್ಟನಡುವಿನಿಂದ ಫೆಂಡರ್ ಅಂಚಿಗೆ ಟೇಪ್ ಹಿಡಿದು ಅಳತೆ ಬರೆದುಕೊಳ್ಳಿ. ಲಿಂಕ್ ರಾಡ್ ಎರಡೂ ಕಡೆ ಬಿಚ್ಚಿ, ಇಲ್ಲದಿದ್ದರೆ ಎಡಬಲ ಚಕ್ರಗಳನ್ನು ಜೋಡಿಸುವ ಆ್ಯಂಟಿ-ರೋಲ್ ಬಾರ್ ಆರ್ಮನ್ನು ಎಳೆಯುತ್ತಿರುತ್ತದೆ. ಬಾಲ್ ಜಾಯಿಂಟ್ ಬಿಟ್ಟ ಮೇಲೆ ಚಕ್ರ ಕೂರುವ ಹಬ್ ಅನ್ನು ತಂತಿಯಿಂದ ಕಟ್ಟಿ. ಹೊರಕ್ಕೆ ಜಗ್ಗಲು ಬಿಟ್ಟರೆ ಡ್ರೈವ್ ಶಾಫ್ಟ್‌ನ ಒಳ ಜಾಯಿಂಟ್ ಕಳಚಿಕೊಳ್ಳಬಹುದು. ಹೊಸ ಆರ್ಮ್ ಹಾಕಿ ಬುಷ್ ಬೋಲ್ಟ್‌ಗಳನ್ನು ಕೈಬಿಗಿಗೆ ನಿಲ್ಲಿಸಿ.

ಬಾಲ್ ಜಾಯಿಂಟ್ ಕಡ್ಡಿಗೆ ಅಡ್ಡ ಬೋಲ್ಟ್ ಬರುವ ಕಾರಾದರೆ ಕಡ್ಡಿಯಲ್ಲಿ ಕೊರೆದ ಕಚ್ಚು ಬೋಲ್ಟ್‌ನ ತೂತಿಗೆ ನೇರ ಬರುವವರೆಗೆ ಕೂರಿಸಿ. ಬೋಲ್ಟ್ ಕೈಯಲ್ಲಿ ಜಾರದಿದ್ದರೆ ಸುತ್ತಿಗೆ ತೆಗೆಯಬೇಡಿ, ಕಡ್ಡಿ ಪೂರ್ತಿ ಕೂತಿಲ್ಲ ಅಂತ ಅರ್ಥ. ಟೇಪರ್ ಕಡ್ಡಿಯಾದರೆ (ತುದಿಗೆ ಸಪೂರವಾಗುತ್ತ ಹೋಗುವುದು) ಒಣಗಿಸಿ ಒರೆಸಿ ಹಾಕಿ. ನಟ್ ಬಿಚ್ಚದಂತೆ ಹಾಕುವ ಕಾಟರ್ ಪಿನ್ನಿನ ತೂತು ಸೇರದಿದ್ದರೆ ನಟ್ಟನ್ನು ಇನ್ನಷ್ಟು ಬಿಗಿದು ಸೇರಿಸಿ, ಸಡಿಲಿಸಿ ಅಲ್ಲ.

ಆಮೇಲೆ ಬಾಲ್ ಜಾಯಿಂಟ್ ಹತ್ತಿರ ಆರ್ಮ್‌ನ ಗಟ್ಟಿ ಜಾಗಕ್ಕೆ ಮರದ ತುಂಡಿಟ್ಟು, ರಬ್ಬರ್ ಬೂಟ್‌ಗೆ ತಾಗದಂತೆ ಜಾಕ್ ಎತ್ತಿ. ಬರೆದುಕೊಂಡ ಅಳತೆ ಬಂದ ಕೂಡಲೇ ನಿಲ್ಲಿಸಿ, ಆಗ ಬುಷ್ ಬೋಲ್ಟ್‌ಗಳಿಗೆ ಟಾರ್ಕ್ ಕೊಡಿ, ಅಂದರೆ ಹೇಳಿದಷ್ಟು ಬಲಕ್ಕೆ ಬಿಗಿಯಿರಿ. ಬಾಡಿ ಸ್ಟ್ಯಾಂಡ್ ಮೇಲೆ ಭದ್ರವಾಗಿರಲಿ. ಪಿಟ್ ಇದ್ದರೆ ಇನ್ನೂ ಸುಲಭ: ಗಾಡಿ ಚಕ್ರದ ಮೇಲೆ ನಿಂತಿರುವಾಗಲೇ ಕೆಳಗಿಳಿದು ಬಿಗಿದುಬಿಡಿ. ಟಾರ್ಕ್ ಎಷ್ಟೆಂದು ನಿಮ್ಮ ಕಾರಿನ ಸರ್ವಿಸ್ ಮ್ಯಾನುವಲ್ ಹೇಳುತ್ತದೆ. ವೋಕ್ಸ್‌ವ್ಯಾಗನ್, ಸ್ಕೋಡಾದಲ್ಲಿ ಸಾಮಾನ್ಯವಾಗಿ ಟಾರ್ಕ್ ಜೊತೆ ಡಿಗ್ರಿಯನ್ನೂ ಕೊಟ್ಟಿರುತ್ತಾರೆ; ಅಂಥ ಬೋಲ್ಟ್ ಒಮ್ಮೆ ಬಿಚ್ಚಿದರೆ ಹೊಸದೇ ಬೇಕು. ಕೊನೆಗೆ ಅಲೈನ್‌ಮೆಂಟ್, ಅದನ್ನು ಬಿಡಿಸಿ ಹೇಳಬೇಕಿಲ್ಲ.

ಒಂದು ವಿನಾಯಿತಿ ಇದೆ. ಕೆಲವು ಆರ್ಮ್‌ಗಳ ಹಿಂದಿನ ಬುಷ್‌ಗೆ ಬೋಲ್ಟ್ ನೆಟ್ಟಗೆ, ಮೇಲಿಂದ ಕೆಳಕ್ಕೆ ಬರುತ್ತದೆ. ಅಲ್ಲಿ ರಬ್ಬರ್ ತಿರುಚಿಕೊಳ್ಳುವುದಿಲ್ಲ, ವಾಲುತ್ತದೆ. ಹಾಗಾಗಿ ಎತ್ತರದ ತಕರಾರು ಕಡಿಮೆ. ಆದರೆ ಆ ಬುಷ್ ಒಂದನ್ನೇ ಪ್ರೆಸ್ ಮಾಡಿಸುವುದಾದರೆ ಹಳೆಯದರ ರಬ್ಬರಿನಲ್ಲಿ ಬಿಟ್ಟಿದ್ದ ಖಾಲಿ ಸೀಳು ಯಾವ ದಿಕ್ಕಿಗಿತ್ತೋ ಹೊಸದರದ್ದೂ ಅದೇ ದಿಕ್ಕಿಗಿರಬೇಕು.

ಯಾರೂ ಕೇಳದಿದ್ದರೂ ಇನ್ನೊಂದು ಹೇಳಲೇಬೇಕು. ವಾಟರ್ ಸರ್ವಿಸ್ ಆದಮೇಲೆ ‘ತುಕ್ಕು ಹಿಡಿಯಲ್ಲ, ಸದ್ದು ಬರಲ್ಲ’ ಅಂತ ಗಾಡಿ ಅಡಿಗೆ ಡೀಸೆಲ್ಲೋ ಹಳೇ ಎಂಜಿನ್ ಆಯಿಲ್ಲೋ ಹೊಡೆಸುತ್ತೀರಲ್ಲ, ಬುಷ್‌ಗೆ ಅದೇ ವಿಷ. ನ್ಯಾಚುರಲ್ ರಬ್ಬರ್ ಎಣ್ಣೆ ಕುಡಿದು ಊದಿಕೊಂಡು ಮೆತ್ತಗಾಗುತ್ತದೆ. ಸದ್ದು ಎರಡು ವಾರ ನಿಲ್ಲುತ್ತೆ, ನಿಜ. ಗ್ರೀಸ್ ಹಚ್ಚಿದರೂ ಇದೇ ಕಥೆ. ಗ್ರೀಸ್ ಬೇಕಾಗುವುದು ಪಾಲಿಯುರೆಥೇನ್ ಬುಷ್‌ಗೆ: ಅದರಲ್ಲಿ ಒಳಗಿನ ಕೊಳವೆ ನಿಜಕ್ಕೂ ತಿರುಗುತ್ತದೆ, ಹಾಗಾಗಿ ಚಕ್ರ ಜೋತಾಡುವಾಗ ಬಿಗಿದರೂ ನಡೆಯುತ್ತದೆ. ಅಲ್ಲಿಗೂ ಕಿಟ್ ಜೊತೆ ಬರುವ ಸಿಲಿಕೋನ್ ಗ್ರೀಸೇ ಆಗಬೇಕು, ಚಾಸಿಸ್‌ಗೆ ಹಾಕುವ ಹಳದಿ ಗ್ರೀಸ್ ಅಲ್ಲ.