‘ವಿಳಾಸ ಸರಿಯಿಲ್ಲ, ಪಾರ್ಸೆಲ್ ವಾಪಸ್ ಹೋಗುತ್ತೆ’ ಅಂತ ಮೆಸೇಜ್ ಬಂದಿದೆ, ನಂಬಬಹುದಾ?

ಪ್ರಶ್ನೆ: ನಾನೊಂದು ಪಾರ್ಸೆಲ್‌ಗೆ ಕಾಯ್ತಾ ಇದ್ದೆ. ನಿನ್ನೆ ಇಂಡಿಯಾ ಪೋಸ್ಟ್ ಹೆಸರಲ್ಲಿ ಮೆಸೇಜ್ ಬಂತು: ಎರಡು ಸಲ ಬಂದರೂ ವಿಳಾಸ ಅಪೂರ್ಣವಾಗಿದ್ದರಿಂದ ಕೊಡಲಾಗಲಿಲ್ಲ, 48 ಗಂಟೆಯೊಳಗೆ ಸರಿಪಡಿಸಿ ಅಂತ. ಲಿಂಕ್ ಒತ್ತಿದರೆ 25 ರೂಪಾಯಿ ಕಟ್ಟಿ ಅನ್ನುತ್ತೆ. ಇಷ್ಟು ಸಣ್ಣ ದುಡ್ಡಿಗೆ ಯಾರಾದರೂ ಮೋಸ ಮಾಡ್ತಾರಾ?

ಉತ್ತರ: ದಯವಿಟ್ಟು ಕಟ್ಟಬೇಡಿ. ಅದು ಅಂಚೆ ಇಲಾಖೆಯ ಮೆಸೇಜ್ ಅಲ್ಲ. ಇದೇ ಒಕ್ಕಣೆಯ ಮೆಸೇಜ್ ದೇಶದ ತುಂಬ ಓಡಾಡಿ, ಇದು ಸುಳ್ಳು ಎಂದು ಕೇಂದ್ರ ಸರ್ಕಾರದ ಪಿಐಬಿ ಫ್ಯಾಕ್ಟ್‌ಚೆಕ್ 2024ರಲ್ಲೇ ಹೇಳಿದೆ.

ಅವರಿಗೆ ನಿಮ್ಮ 25 ರೂಪಾಯಿ ಬೇಕಿಲ್ಲ. ಅದನ್ನು ಕಟ್ಟಲು ನೀವು ತುಂಬುವ ಕಾರ್ಡ್ ನಂಬರ್, ಅವಧಿ, ಸಿವಿವಿ ಬೇಕು. ನೀವು ಇಲ್ಲಿ ತುಂಬುತ್ತಿರುವಾಗಲೇ ಆ ಕಡೆಯವನು ಅದೇ ವಿವರ ಹಾಕಿ ಬೇರೆಲ್ಲೋ ದೊಡ್ಡ ಮೊತ್ತದ ಖರೀದಿ ಶುರು ಮಾಡಬಹುದು. ಬ್ಯಾಂಕಿನ ಒಟಿಪಿ ನಿಮ್ಮ ಫೋನಿಗೆ ಬರುತ್ತೆ, 25 ರೂಪಾಯಿಯದ್ದೇ ಇರಬೇಕು ಅಂದುಕೊಂಡು ಆ ಪುಟದಲ್ಲಿ ಹಾಕಿಬಿಡುತ್ತೀರಿ. ಒಟಿಪಿ ಬಂದಾಗ ಆರು ಅಂಕಿ ಮಾತ್ರ ನೋಡುವುದು ನಮ್ಮೆಲ್ಲರ ಅಭ್ಯಾಸ. ಎಷ್ಟು ಮೊತ್ತಕ್ಕೆ, ಯಾರಿಗೆ ಎಂದು ಸಾಮಾನ್ಯವಾಗಿ ಅದೇ ಮೆಸೇಜಿನಲ್ಲಿ ಬರೆದಿರುತ್ತೆ. ಆ ಒಂದು ಸಾಲು ಓದಿದರೆ ಎಷ್ಟೋ ಜನರ ದುಡ್ಡು ಉಳಿಯುತ್ತೆ.

ನೀವು ನಿಜವಾಗಿಯೂ ಪಾರ್ಸೆಲ್ ಕಾಯುತ್ತಿದ್ದಿರಿ, ಅದು ಅವರಿಗೆ ಗೊತ್ತಿದ್ದು ಕಳಿಸಿದ್ದಲ್ಲ. ಲಕ್ಷಾಂತರ ನಂಬರಿಗೆ ಒಟ್ಟಿಗೆ ಎಸೆದರೆ, ಈಗಿನ ಕಾಲದಲ್ಲಿ ಏನೋ ಒಂದನ್ನು ಕಾಯುತ್ತಿರುವವರು ಸಿಕ್ಕೇ ಸಿಗುತ್ತಾರೆ. ಹಾಗಾಗಿ ಮೆಸೇಜ್ ನಿಜದಂತೆ ಕಾಣುತ್ತದೋ ಇಲ್ಲವೋ ಎಂದು ತಲೆ ಕೆಡಿಸಿಕೊಳ್ಳುವುದಕ್ಕಿಂತ ಅದನ್ನು ಪಕ್ಕಕ್ಕಿಟ್ಟು, ಪಾರ್ಸೆಲ್ ಎಲ್ಲಿದೆ ಎಂದು ನೀವೇ ನೋಡುವುದು ಒಳ್ಳೆಯದು. ಸ್ಪೀಡ್ ಪೋಸ್ಟ್ ಆದರೆ ಕಳಿಸಿದವರ ರಸೀದಿಯಲ್ಲಿ 13 ಅಕ್ಷರದ ಸಂಖ್ಯೆ ಇರುತ್ತೆ: ಎರಡು ಇಂಗ್ಲಿಷ್ ಅಕ್ಷರ, ಒಂಬತ್ತು ಅಂಕಿ, ಕೊನೆಗೆ ‘ಐಎನ್’. ಇಂಡಿಯಾಪೋಸ್ಟ್ ಡಾಟ್ ಜಿಒವಿ ಡಾಟ್ ಇನ್ ಎಂದು ನೀವೇ ಟೈಪ್ ಮಾಡಿ, ಆ ಸಂಖ್ಯೆ ಹಾಕಿ. ಆನ್‌ಲೈನ್ ಅಂಗಡಿಯಲ್ಲಿ ಕೊಂಡಿದ್ದರೆ ಅವರ ಆ್ಯಪ್‌ನಲ್ಲೇ ನೋಡಿ. ಊರಲ್ಲಿದ್ದರೆ ಪೋಸ್ಟ್‌ಮ್ಯಾನ್ ಅವರನ್ನೇ ಕೇಳಿ. ವಿದೇಶದಿಂದ ಬಂದ ಪಾರ್ಸೆಲ್ಲಿಗೆ ಕಸ್ಟಮ್ಸ್ ಸುಂಕ ಬೀಳುವುದುಂಟು. ಅದನ್ನೂ ಮೆಸೇಜಿನ ಲಿಂಕ್ ನಂಬಿ ಕಟ್ಟಬೇಡಿ, ಅಂಚೆ ಕಚೇರಿಯಲ್ಲಿ ವಿಚಾರಿಸಿ.

ಮೆಸೇಜಿನಲ್ಲೂ ಸುಳಿವುಗಳಿವೆ. ನಮ್ಮಲ್ಲಿ ಸಂಸ್ಥೆಗಳ ಎಸ್ಎಂಎಸ್ ನೋಂದಾಯಿತ ಹೆಸರಿನಿಂದ ಬರುತ್ತೆ. 2025ರಿಂದ ಆ ಹೆಸರಿನ ಕೊನೆಗೆ ಒಂದಕ್ಷರವೂ ಇರುತ್ತೆ: ಸರ್ಕಾರದ್ದಾದರೆ ‘ಜಿ’, ಸೇವೆಗೆ ‘ಎಸ್’, ವಹಿವಾಟಿಗೆ ‘ಟಿ’, ಜಾಹೀರಾತಿಗೆ ‘ಪಿ’. ಹತ್ತಂಕಿಯ ಮೊಬೈಲ್ ನಂಬರ್, ವಿದೇಶಿ ನಂಬರ್ ಅಥವಾ ಯಾವುದೋ ಇಮೇಲ್ ವಿಳಾಸದಿಂದ ಅಂಚೆ ಇಲಾಖೆ ಬರೆಯುತ್ತಿದೆ ಅಂದರೆ ಅಲ್ಲೇ ನಿಲ್ಲಿ. ಐಫೋನ್ ಇದ್ದವರಿಗೆ ಇನ್ನೊಂದು ಮಾತು. ಅಪರಿಚಿತರ ಐಮೆಸೇಜ್‌ನಲ್ಲಿ ಬಂದ ಲಿಂಕನ್ನು ಫೋನ್ ತೆರೆಯಗೊಡುವುದಿಲ್ಲ, ಆದರೆ ನೀವು ಉತ್ತರ ಕೊಟ್ಟರೆ ಆ ತಡೆ ಹೋಗುತ್ತೆ. ‘ವೈ ಎಂದು ಉತ್ತರಿಸಿ, ಮೆಸೇಜ್ ಮುಚ್ಚಿ ಮತ್ತೆ ತೆರೆಯಿರಿ’ ಎಂದು ಬರೆದಿರುತ್ತಾರಲ್ಲ, ಅದು ಆ ಬಾಗಿಲನ್ನು ನಿಮ್ಮ ಕೈಯಿಂದಲೇ ತೆಗೆಸುವ ಉಪಾಯ.

ಈಗ ನಿಮ್ಮ ವಿಷಯ. ಲಿಂಕ್ ಒತ್ತಿ, ಏನನ್ನೂ ತುಂಬದೆ ಹೊರಬಂದಿದ್ದರೆ ಹೆಚ್ಚಿನ ಭಯ ಬೇಡ. ಕಾರ್ಡ್ ವಿವರ ಕೊಟ್ಟಿದ್ದರೆ ಬ್ಯಾಂಕಿನ ಆ್ಯಪ್‌ನಲ್ಲಿ ಈಗಲೇ ಕಾರ್ಡ್ ಬ್ಲಾಕ್ ಮಾಡಿ. ಅವರು ಕಳಿಸಿದ ಎಪಿಕೆ ಫೈಲ್ (ಪ್ಲೇ ಸ್ಟೋರ್ ಹೊರಗಿನಿಂದ ಬರುವ ಆ್ಯಪ್) ಹಾಕಿಸಿಕೊಂಡಿದ್ದರೆ ಇಂಟರ್‌ನೆಟ್ ಬಂದ್ ಮಾಡಿ, ಇನ್ನೊಂದು ಫೋನಿನಿಂದ ಬ್ಯಾಂಕಿಗೆ ಹೇಳಿ. ‘ಡೆಲಿವರಿ ಹುಡುಗ’ ಫೋನ್ ಮಾಡಿ, ಸ್ಟಾರ್ ಹ್ಯಾಷ್ ಸೇರಿಸಿ ಯಾವುದೋ ನಂಬರ್ ಒತ್ತಿಸಿದ್ದರೆ ನಿಮ್ಮ ಕರೆಗಳು, ಕರೆಯಲ್ಲಿ ಬರುವ ಒಟಿಪಿ ಸಮೇತ, ಅವನಿಗೆ ಹೋಗುತ್ತಿರಬಹುದು. ##002# ಡಯಲ್ ಮಾಡಿದರೆ ಕಾಲ್ ಫಾರ್ವರ್ಡಿಂಗ್ ರದ್ದಾಗುತ್ತೆ.

ದುಡ್ಡು ಹೋಗಿದ್ದರೆ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಕದ್ದ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಜಿಗಿದು ನಗದಾಗುವ ಮೊದಲೇ ತಡೆಹಿಡಿಯಲು ಬೇಗ ತಿಳಿಸಿದರೆ ಮಾತ್ರ ಅವಕಾಶ. ದೂರನ್ನು ಸೈಬರ್‌ಕ್ರೈಮ್ ಡಾಟ್ ಜಿಒವಿ ಡಾಟ್ ಇನ್‌ನಲ್ಲೂ ದಾಖಲಿಸಿ. ಬ್ಯಾಂಕಿಗೆ ತಿಳಿಸಿದ ಹೊತ್ತನ್ನು ಬರೆದಿಟ್ಟುಕೊಳ್ಳಿ: ರಿಸರ್ವ್ ಬ್ಯಾಂಕ್ 2017ರಲ್ಲಿ ಹೊರಡಿಸಿದ ಸುತ್ತೋಲೆಯಲ್ಲಿ, ನಾವೇ ಒಟಿಪಿ ಕೊಟ್ಟು ಆದ ನಷ್ಟ ತಿಳಿಸುವವರೆಗೆ ನಮ್ಮದು, ತಿಳಿಸಿದ ಮೇಲಿನದು ಬ್ಯಾಂಕಿನದು ಎಂದಿತ್ತು. ಹಣ ಹೋಗದಿದ್ದರೂ ಆ ಮೆಸೇಜನ್ನು ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದ ‘ಚಕ್ಷು’ ವಿಭಾಗದಲ್ಲಿ ವರದಿ ಮಾಡಿ.

ಮನೆಯಲ್ಲಿ ಅಪ್ಪನೋ ಅತ್ತೆಯೋ ಹೀಗೆ ಸಿಕ್ಕಿಕೊಂಡಿದ್ದರೆ ದಯವಿಟ್ಟು ಬೈಯಬೇಡಿ. ಬೈಗುಳಕ್ಕೆ ಹೆದರಿ ಅವರು ಒಂದು ದಿನ ಸುಮ್ಮನಿದ್ದುಬಿಟ್ಟರೆ 1930ಕ್ಕೆ ಮಾಡಿದ ಕರೆಯೂ ತಡವಾಗುತ್ತೆ.